ಕಾಣದ ತುಂಟನಿಗೆ ದನಿ ಕೊಟ್ಟವರು

ಜರ್ಮನಿಯಲ್ಲಿ ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಕೇಳಿದೊಡನೆ ಗುರುತು ಹಿಡಿಯುವ ದನಿಯೊಂದಿದೆ. ಅದು ಕೀಚಲು ದನಿ. ಒಮ್ಮೆ ಕಿಲಕಿಲ ನಗುತ್ತದೆ, ಮರುಕ್ಷಣವೇ ಹಟ ಹಿಡಿದು ಗೊಣಗುತ್ತದೆ. ಪುಮುಕ್ಲ್ ಎಂಬ ಕೆಂಪು ಕೂದಲಿನ ಪುಟಾಣಿ ಭೂತದ ದನಿ ಅದು. ಆ ದನಿಯ ಒಡೆಯರು ಮಾತ್ರ ರಾಜರ ಆಸ್ಥಾನ, ಕತ್ತಿವರಸೆಗಳ ನಾಟಕಗಳನ್ನು ಆಡುವ ರಂಗಭೂಮಿಯಿಂದ ಬಂದವರು. ಅವರ ಹೆಸರು ಹಾನ್ಸ್ ಕ್ಲಾರಿನ್.

ಕ್ಲಾರಿನ್ ಹುಟ್ಟಿದ್ದು 1929ರಲ್ಲಿ, ಜರ್ಮನಿಯ ಉತ್ತರದ ಬಂದರು ಊರು ವಿಲ್ಹೆಲ್ಮ್ಸ್‌ಹಾಫನ್‌ನಲ್ಲಿ. ಯುದ್ಧ ಮುಗಿದ ಮೇಲೆ ಮ್ಯೂನಿಕ್ ನಗರಕ್ಕೆ ಬಂದು ನಟನೆ ಕಲಿತರು. 1950ರ ದಶಕದಲ್ಲಿ ಅಲ್ಲಿನ ಸರಕಾರಿ ರಂಗಮಂದಿರದ ನಟರಾದರು. ಸಿನಿಮಾ ಕೂಡ ಕೈಬೀಸಿ ಕರೆಯಿತು. ಮಾಟಗಾತಿಯ ಮಾಟಕ್ಕೆ ಸಿಕ್ಕಿ ಉದ್ದ ಮೂಗಿನ ಕುಳ್ಳನಾಗುವ ಹುಡುಗನ ಜಾನಪದ ಮಾದರಿಯ ಕಥೆ 1953ರಲ್ಲಿ ಚಿತ್ರವಾದಾಗ, ಆ ಕುಳ್ಳನ ಪಾತ್ರ ಅವರದೇ.

ನಾಟಕದ ನಟನಿಗೆ ಗಂಟಲೇ ಬಂಡವಾಳ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಪಿಸುಮಾತು ಕೇಳಿಸಬೇಕು. ಉಸಿರನ್ನು ಹೊಟ್ಟೆಯಿಂದ ಎಳೆದು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವುದನ್ನು ಅವನು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾನೆ. ಜರ್ಮನಿಯಲ್ಲಿ ಹೊರದೇಶದ ಸಿನಿಮಾಗಳನ್ನು ಬಹುಪಾಲು ಜರ್ಮನ್ ಭಾಷೆಗೆ ಡಬ್ ಮಾಡಿಯೇ ತೋರಿಸುತ್ತಾರೆ. ಹೀಗೆ ಪಳಗಿದ ಗಂಟಲುಗಳಿಗೆ ಅಲ್ಲಿ ಯಾವಾಗಲೂ ಬೇಡಿಕೆ.

ಡಬ್ಬಿಂಗ್ ಸುಲಭವೆಂದುಕೊಂಡಿರಾ ಮಕ್ಕಳೇ? ಕನ್ನಡಿಯ ಮುಂದೆ ನಿಂತು ‘ಪ, ಬ, ಮ’ ಎನ್ನಿ. ಮೂರಕ್ಕೂ ತುಟಿ ಮುಚ್ಚಿಕೊಳ್ಳುತ್ತದೆ. ‘ಕ, ಗ’ ಎನ್ನಿ. ತುಟಿ ತೆರೆದೇ ಇರುತ್ತದೆ. ತೆರೆಯ ಮೇಲಿನ ನಟ ತುಟಿ ಮುಚ್ಚಿದ ಕಡೆ ಡಬ್ಬಿಂಗ್ ಮಾತಿನಲ್ಲೂ ಅಂಥದೇ ಅಕ್ಷರ ಬರಬೇಕು. ಅದಕ್ಕಾಗಿ ಚಿತ್ರವನ್ನು ಕೆಲವೇ ಕ್ಷಣಗಳ ತುಣುಕುಗಳಾಗಿ ಕತ್ತರಿಸಿಕೊಂಡು, ಒಂದೊಂದನ್ನೂ ನೋಡುತ್ತ ಮಾತು ಕೂಡಿಸುತ್ತಾರೆ. ಕಲಾವಿದನ ಮುಂದೆ ಪ್ರೇಕ್ಷಕರಿಲ್ಲ, ವೇಷವಿಲ್ಲ, ಎದುರು ನಟನೂ ಇಲ್ಲದಿರಬಹುದು. ಮೈಕ್ ಒಂದೇ. ಅಳು, ನಗು, ಓಟದ ಏದುಸಿರು ಎಲ್ಲವೂ ಗಂಟಲಿನಿಂದಲೇ ಬರಬೇಕು.

ಕ್ಲಾರಿನ್ ಡಬ್ಬಿಂಗ್‌ನಲ್ಲಿ ದುಡಿದರು, ರೇಡಿಯೋ ನಾಟಕಗಳಲ್ಲೂ ಮಾತಾಡಿದರು. 1962ರಲ್ಲಿ ಬವೇರಿಯ ರೇಡಿಯೋ ಎಲ್ಲಿಸ್ ಕೌಟ್ ಎಂಬ ಲೇಖಕಿಯ ಪುಮುಕ್ಲ್ ಕಥೆಗಳನ್ನು ನಾಟಕವಾಗಿ ಪ್ರಸಾರ ಮಾಡಲು ಆರಂಭಿಸಿತು. ಕಥೆ ಸೊಗಸಾಗಿದೆ. ಏಡರ್ ಎಂಬ ವಯಸ್ಸಾದ ಬಡಗಿಯ ಅಂಗಡಿಯಲ್ಲಿ, ಮರ ಅಂಟಿಸುವ ಗೋಂದಿನ ಡಬ್ಬಕ್ಕೆ ಈ ಭೂತ ಅಂಟಿಕೊಂಡುಬಿಡುತ್ತದೆ. ಭೂತಗಳ ಕಟ್ಟಳೆಯಂತೆ, ಯಾರ ಮನೆಯಲ್ಲಿ ಸಿಕ್ಕಿಬಿತ್ತೋ ಅವರಿಗೆ ಮಾತ್ರ ಅದು ಕಾಣಬೇಕು, ಅಲ್ಲೇ ಇರಬೇಕು. ಒಂಟಿ ಬಡಗಿಗೆ ಜೊತೆ ಸಿಕ್ಕಿತು, ಜೊತೆಗೆ ತಲೆನೋವೂ!

ರೇಡಿಯೋದಲ್ಲಿ ಪುಮುಕ್ಲ್‌ಗೆ ಮುಖವಿಲ್ಲ, ಮೈಯಿಲ್ಲ. ಇದ್ದದ್ದು ಕ್ಲಾರಿನ್ ಅವರ ದನಿ ಮಾತ್ರ. ಮೂವತ್ತೆರಡು ವರ್ಷದ ಗಂಡಸೊಬ್ಬರ ಗಂಟಲಿನಲ್ಲಿ ಅಂಥ ಪುಟ್ಟ ಜೀವ ಕುಳಿತಿತ್ತು! 1982ರಲ್ಲಿ ಪುಮುಕ್ಲ್ ಟಿವಿಗೂ ಬಂದ. ಬಡಗಿಯಾಗಿ ಗುಸ್ಟ್ಲ್ ಬೈರ್‌ಹಾಮರ್ ನಟಿಸಿದರು, ಪುಮುಕ್ಲ್‌ನನ್ನು ಕಾರ್ಟೂನ್ ಆಗಿ ಬಿಡಿಸಿ ಸೇರಿಸಿದರು. ಚಿತ್ರೀಕರಣದ ಹೊತ್ತಿನಲ್ಲಿ ತುಂಟ ಇರಬೇಕಾದ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಬಣ್ಣ ತುಂಬಿದ್ದು ಚಿತ್ರಕಾರರು, ಜೀವ ತುಂಬಿದ್ದು ಕ್ಲಾರಿನ್. ಒಟ್ಟು 52 ಕಂತುಗಳು ಬಂದವು. ರೇಡಿಯೋ ಕೇಳಿ ಬೆಳೆದವರು ಆ ಹೊತ್ತಿಗೆ ಅಪ್ಪ-ಅಮ್ಮಂದಿರಾಗಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರು.

ಆದರೆ ಗಂಟಲಿಗೂ ವಯಸ್ಸಾಗುತ್ತದೆ. 2003ರಲ್ಲಿ ಹೊಸ ಪುಮುಕ್ಲ್ ಚಿತ್ರ ಬಂದಾಗ ಕ್ಲಾರಿನ್ ಎಪ್ಪತ್ತು ದಾಟಿದ್ದರು. ತುಂಟನ ದನಿ ಕಾಯ್ ಟಾಶ್ನರ್ ಎಂಬ ಬೇರೊಬ್ಬ ಕಲಾವಿದರ ಪಾಲಾಯಿತು. ಕ್ಲಾರಿನ್ ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಅದೇ ಚಿತ್ರದಲ್ಲಿ ಬಡಗಿ ಏಡರ್‌ನ ಸೋದರ ಸಂಬಂಧಿಯಾಗಿ ನಟಿಸಿದರು. ನಾಲ್ಕು ದಶಕ ತಾವೇ ಆಡಿಸಿದ ಪುಮುಕ್ಲ್, ಈಗ ಇನ್ನೊಬ್ಬರ ದನಿಯಲ್ಲಿ ಅವರೊಡನೆ ಮಾತಾಡಿದ. 2005ರ ಆಗಸ್ಟ್‌ನಲ್ಲಿ ಕ್ಲಾರಿನ್ ತೀರಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಪುಮುಕ್ಲ್‌ನ ಹೊಸ ಕಂತುಗಳು ಬಂದವು. ಕೇಳಿದರೆ ಅದೇ ಹಳೆಯ ದನಿ! ಮಾತಾಡಿದವರು ಮ್ಯಾಕ್ಸಿಮಿಲಿಯನ್ ಶಾಫ್ರೋಟ್ ಎಂಬ ಹಾಸ್ಯ ಕಲಾವಿದರು. ಅವರ ದನಿಗೆ ಕೃತಕ ಬುದ್ಧಿಮತ್ತೆಯ ಯಂತ್ರ ಕ್ಲಾರಿನ್ ದನಿಯ ಬಣ್ಣ ಬಳಿದಿತ್ತು. ಹಳಬರಿಗೆ ಬಾಲ್ಯ ಮರಳಿದಂತಾಗುವುದು ಸಹಜ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ನಟ ಹೋದ ಮೇಲೆ ಅವನ ದನಿ ಯಾರದು? ಒಪ್ಪಿಗೆ ಕೇಳೋಣವೆಂದರೆ ಅವನೇ ಇಲ್ಲವಲ್ಲ.

ಇನ್ನೊಂದು ಮಾತನ್ನೂ ಗಮನಿಸಿ. ಆ ಯಂತ್ರ ತಾನಾಗಿ ನಗಲಿಲ್ಲ. ಎಲ್ಲಿ ನಗಬೇಕು, ಎಲ್ಲಿ ತಡೆದು ನಿಲ್ಲಬೇಕು, ಎಲ್ಲಿ ಗೊಣಗಬೇಕು ಎಂಬುದನ್ನೆಲ್ಲ ಶಾಫ್ರೋಟ್ ಮೊದಲು ತಾವೇ ಆಡಿ ತೋರಿಸಬೇಕಾಯಿತು. ದನಿಯ ಬಣ್ಣ ಯಂತ್ರದ್ದು, ಆಟ ಮನುಷ್ಯನದು.

ಇವತ್ತು ರಾತ್ರಿ ಅಜ್ಜಿ ಕಥೆ ಹೇಳುವಾಗ ಕಣ್ಣು ಮುಚ್ಚಿ ಕೇಳಿ ಮಕ್ಕಳೇ. ನರಿಗೊಂದು ದನಿ, ಹುಲಿಗೊಂದು ದನಿ, ಕಾಗಕ್ಕನಿಗೊಂದು ದನಿ. ಒಬ್ಬರೇ ಅಜ್ಜಿ, ಒಂದೇ ಗಂಟಲು. ಎಷ್ಟು ಜನ ಇದ್ದಾರೆ ಅದರೊಳಗೆ, ಎಣಿಸಿ ನೋಡಿ.