ಕನ್ನಡಕವೋ, ಲೆನ್ಸೋ? ನಿತ್ಯದ ದೃಷ್ಟಿಗೆ ಯಾವುದು ಹಿತ

ಶ್ರಾವಣ ಮಾಸದ ಒಂದು ಸಂಜೆ ಶ್ರೀಮಠದ ಪ್ರವಚನ ಕೇಳಿ ಹಿಂದಿರುಗುತ್ತಿದ್ದ ತಾಯಿಯೊಬ್ಬರು ಮಗಳೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಮಗಳು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಬಲಗಣ್ಣು ಕೆಂಪೇರಿ, ದೀಪದ ಬೆಳಕನ್ನೂ ಸಹಿಸಲಾರದೆ ಅಂಗೈಯಿಂದ ಮುಚ್ಚಿಕೊಂಡಿದ್ದಳು. ಮೂರು ದಿನಗಳ ನೋವು. ಮನೆಯಲ್ಲಿ ಗುಲಾಬಿ ಜಲ ಹಾಕಿದ್ದರು, ತ್ರಿಫಲಾ ಕಷಾಯದಿಂದ ತೊಳೆದಿದ್ದರು. ನಾವು ವಿಚಾರಿಸಿದ ಮೇಲೆ ಸಂಗತಿ ಹೊರಬಂದಿತು: ಕನ್ಯೆ ನೋಡಲು ಬರುವವರ ಕಣ್ಣಿಗೆ ಕನ್ನಡಕ ಬೀಳಬಾರದೆಂದು ಕಾಂಟ್ಯಾಕ್ಟ್ ಲೆನ್ಸ್ ಕೊಡಿಸಿದ್ದರು. ಹಾಸ್ಟೆಲಿನಲ್ಲಿ ಆಕೆ ಅದನ್ನು ನಲ್ಲಿಯ ನೀರಿನಿಂದ ತೊಳೆಯುತ್ತಿದ್ದಳು; ಕೆಲವು ರಾತ್ರಿ ತೆಗೆಯದೆಯೇ ಮಲಗುತ್ತಿದ್ದಳು. ಟಾರ್ಚಿನ ಬೆಳಕಿನಲ್ಲಿ ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಂಡಿತು. ನಾವು ಯಾವ ಔಷಧವನ್ನೂ ಹಾಕದೆ ಆ ಕ್ಷಣವೇ ಕಣ್ಣಿನ ಆಸ್ಪತ್ರೆಗೆ ಕಳುಹಿಸಿದೆವು. ಕಣ್ಣು ಉಳಿಯಿತು; ಕಲೆಯೂ ಉಳಿಯಿತು.

ಅದಕ್ಕೆ ಮೊದಲು ಲೆನ್ಸ್ ಇದೆಯೇ ಎಂದು ಕೇಳದೆ ನಾವೇ ಎಷ್ಟು ಜನರಿಗೆ ತ್ರಿಫಲಾ ಜಲದ ಪ್ರಕ್ಷಾಲನವನ್ನು ಹೇಳಿದ್ದೆವೋ! ಈಗ ಕಣ್ಣಿನ ತೊಂದರೆಯೆಂದು ಯಾರು ಬಂದರೂ ನಮ್ಮ ಮೊದಲ ಪ್ರಶ್ನೆ ಅದೇ.

ಕರಿಗುಡ್ಡೆಯ ಮುಂಭಾಗವನ್ನು ಗಡಿಯಾರದ ಗಾಜಿನಂತೆ ಮುಚ್ಚಿರುವ ಕಾರ್ನಿಯಾ ಎಂಬ ಪಾರದರ್ಶಕ ಪದರದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ. ತನಗೆ ಬೇಕಾದ ಆಮ್ಲಜನಕದ ಬಹುಭಾಗವನ್ನು ಅದು ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ಲೆನ್ಸ್ ಕೂರುವುದು ಈ ಪದರದ ಮೇಲೆ. ನಿದ್ರೆಯಲ್ಲಿ ರೆಪ್ಪೆ ಮುಚ್ಚಿದಾಗ ಗಾಳಿ ಮೊದಲೇ ಕಡಿಮೆ. ಅದರ ಮೇಲೆ ಲೆನ್ಸಿನ ಮುಚ್ಚಳವೂ ಸೇರಿದರೆ ಪದರ ದುರ್ಬಲವಾಗಿ ರೋಗಾಣುಗಳಿಗೆ ದಾರಿಯಾಗುತ್ತದೆ. ನಲ್ಲಿ, ಬಾವಿ, ಕೆರೆಗಳ ನೀರಿನಲ್ಲಿ ಅಕ್ಯಾಂಥಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದೇ ನೀರನ್ನು ನಾವು ಕುಡಿದರೂ ಬಾಧಿಸದ ಈ ಜೀವಿ ಲೆನ್ಸಿನ ಅಡಿಯಲ್ಲಿ ಸೇರಿಕೊಂಡರೆ ತಿಂಗಳುಗಟ್ಟಲೆ ಕಾಡುವ ವ್ರಣವನ್ನು ಉಂಟುಮಾಡಬಲ್ಲದು. ಸುಶ್ರುತಾಚಾರ್ಯರು 76 ನೇತ್ರರೋಗಗಳನ್ನು ಎಣಿಸುವಾಗ ಕರಿಗುಡ್ಡೆಯ ವ್ರಣಕ್ಕೆ ಸವ್ರಣ ಶುಕ್ರವೆಂದು ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾರೆ.

ಇನ್ನು ನಮ್ಮ ಸದ್ಭಕ್ತರ ನಿತ್ಯಕ್ರಮವನ್ನು ನೋಡೋಣ. ಬೆಳಿಗ್ಗೆ ಸ್ನಾನ, ವಿಭೂತಿ ಧಾರಣೆ, ಅನಂತರ ಇಷ್ಟಲಿಂಗಪೂಜೆ. ಸ್ನಾನದ ನೀರು ಲೆನ್ಸಿಗೆ ತಾಗಬಾರದು. ವಿಭೂತಿಯ ನುಣ್ಣನೆಯ ಕಣ ಲೆನ್ಸಿನ ಕೆಳಗೆ ಸಿಕ್ಕಿದರೆ ಮರಳಿನಂತೆ ಉಜ್ಜುತ್ತದೆ. ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಟ್ಟಾಗ ರೆಪ್ಪೆ ಬಡಿಯುವುದು ತಾನಾಗಿಯೇ ಕಡಿಮೆಯಾಗುತ್ತದೆ, ಆಗ ಲೆನ್ಸ್ ಒಣಗಿ ಕಣ್ಣು ಉರಿಯುತ್ತದೆ. ಆದುದರಿಂದ ಲೆನ್ಸ್ ಧರಿಸುವವರೂ ಪೂಜೆ ಮುಗಿಸಿ, ಸೋಪಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಅದನ್ನು ಹಾಕಿಕೊಳ್ಳಲಿ.

ನಲವತ್ತು ದಾಟಿದ ಸಮೀಪದೃಷ್ಟಿಯವರು ಮತ್ತೊಂದು ವಿಷಯವನ್ನು ತಿಳಿದಿರಬೇಕು. ಮೈನಸ್ 3 ನಂಬರಿನವರು ಕನ್ನಡಕ ತೆಗೆದರೆ ಸುಮಾರು 33 ಸೆಂಟಿಮೀಟರ್ ದೂರದ ವಸ್ತು, ಅಂದರೆ ಹೆಚ್ಚುಕಡಿಮೆ ಅಂಗೈಯಲ್ಲಿರುವ ಲಿಂಗವು, ಸ್ಪಷ್ಟವಾಗಿ ಕಾಣುತ್ತದೆ. ದೂರದ ನಂಬರಿನ ಲೆನ್ಸ್ ಕಣ್ಣಿನೊಳಗಿದ್ದರೆ ಈ ಸೌಲಭ್ಯವಿಲ್ಲ. ಅದರ ಮೇಲೆ ಓದುವ ಕನ್ನಡಕವನ್ನೂ ಏರಿಸಬೇಕಾಗುತ್ತದೆ. ಕನ್ನಡಕ ಬೇಡವೆಂದು ಲೆನ್ಸ್ ಕೊಂಡ ನಮ್ಮ ಪರಿಚಯದ ಶಿಕ್ಷಕರೊಬ್ಬರು ಈಗ ಎರಡನ್ನೂ ಧರಿಸುತ್ತಾರೆ.

ಹಾಗೆಂದು ಲೆನ್ಸನ್ನು ನಾವು ಹಳಿಯುವುದಿಲ್ಲ. ಕಾರ್ನಿಯಾ ಶಂಕುವಿನಂತೆ ಉಬ್ಬಿ ಬರುವ ಕೆರಟೋಕೋನಸ್ ರೋಗದಲ್ಲಿ ಕನ್ನಡಕದಿಂದ ಸರಿಹೋಗದ ದೃಷ್ಟಿ ಗಟ್ಟಿ ಲೆನ್ಸಿನಿಂದ ಸುಧಾರಿಸಬಹುದು. ಎರಡು ಕಣ್ಣುಗಳ ನಂಬರಿನಲ್ಲಿ ಬಹಳ ಅಂತರವಿರುವವರಿಗೂ, ಅತಿ ಹೆಚ್ಚು ನಂಬರಿನವರಿಗೂ, ಆಟಗಾರರಿಗೂ ಅದು ಉಪಕಾರಿ. ಆದರೆ ಹೊಲದ ಧೂಳು, ಅಡುಗೆಮನೆಯ ಹೊಗೆ, ಬಸ್ಸಿನ ಪ್ರಯಾಣಗಳ ನಡುವೆ ದಿನ ಕಳೆಯುವ ಸಾಮಾನ್ಯ ನಂಬರಿನವರಿಗೆ ಕನ್ನಡಕವೇ ಲೇಸು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕನ್ನಡಕ ಹಾಕಿದರೆ ನಂಬರು ಏರುತ್ತದೆಂಬುದು ಸುಳ್ಳು. ತ್ರಿಫಲೆಯಿಂದ ನಂಬರು ಇಳಿಯುತ್ತದೆಂದು ಹೇಳುವವರನ್ನೂ ನಂಬಬೇಡಿ; ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ. ಕನ್ನಡಕ ಕಂಡು ಹಿಂದೆ ಸರಿಯುವ ವರನ ಕುರಿತು ನಾವೇನೂ ಬರೆಯುವುದಿಲ್ಲ.

ಲೆನ್ಸನ್ನೇ ಆರಿಸಿಕೊಂಡವರು ಕಣ್ಣಿನ ವೈದ್ಯರಿಂದ ಅಳತೆ ಮಾಡಿಸಿಕೊಳ್ಳಬೇಕು. ದಿನಕ್ಕೊಂದರಂತೆ ಬಳಸಿ ಎಸೆಯುವ ಬಗೆ ದುಬಾರಿಯಾದರೂ ಹೆಚ್ಚು ಸುರಕ್ಷಿತ. ಉಳಿದ ಬಗೆಗಳಲ್ಲಿ ದ್ರಾವಣವನ್ನು ಪ್ರತಿದಿನ ಪೂರ್ತಿ ಚೆಲ್ಲಿ ಹೊಸದನ್ನು ತುಂಬಬೇಕು, ಹಳೆಯದಕ್ಕೆ ಬೆರೆಸಬಾರದು; ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಲೆನ್ಸ್ ಇರುವಾಗ ಅಂಜನ, ಜೇನುತುಪ್ಪ, ಗುಲಾಬಿ ಜಲ, ತ್ರಿಫಲಾ ಜಲ ಇವು ಯಾವುವೂ ಕಣ್ಣಿಗೆ ಬೇಡ. ನೇತ್ರ ತರ್ಪಣ ಮಾಡಿಸಿಕೊಳ್ಳುವವರು ಲೆನ್ಸಿನ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ತುಪ್ಪದ ಜಿಡ್ಡು ಅದಕ್ಕೆ ಅಂಟಿಕೊಳ್ಳುತ್ತದೆ. ಜೊತೆಗೆ ಸರಿಯಾದ ನಂಬರಿನ ಒಂದು ಕನ್ನಡಕ ಮನೆಯಲ್ಲಿ ಇದ್ದೇ ಇರಬೇಕು. ಅದಿಲ್ಲದವರೇ ಕಣ್ಣು ಕೆಂಪಾದ ದಿನವೂ ಲೆನ್ಸ್ ಹಾಕಿಕೊಂಡು ಹೊರಡುತ್ತಾರೆ.

ಕೆಂಪು, ನೋವು, ಬೆಳಕಿಗೆ ಅಸಹನೆ, ಮಸುಕು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಿರಿ. ತೆಗೆದ ಲೆನ್ಸನ್ನೂ ಡಬ್ಬಿಯನ್ನೂ ಎಸೆಯದೆ ಜೊತೆಯಲ್ಲಿ ಒಯ್ಯಿರಿ; ಯಾವ ರೋಗಾಣುವೆಂದು ಪ್ರಯೋಗಾಲಯದಲ್ಲಿ ಪತ್ತೆಹಚ್ಚಲು ಅವು ನೆರವಾಗುತ್ತವೆ.