ಆಮೇರ್ ಗುಡ್ಡದ ನೀರಿನ ದಾರಿಗಳು

ಜೈಪುರದಿಂದ ದೆಹಲಿ ರಸ್ತೆಯಲ್ಲಿ ಸುಮಾರು 11 ಕಿ.ಮೀ. ಹೋದರೆ ಅರಾವಳಿಯ ಗುಡ್ಡಗಳ ನಡುವೆ ಆಮೇರ್ ಕೋಟೆ ಇಡಿಯಾಗಿ ಎದುರಾಗುತ್ತದೆ. ಹಳದಿ ಮಿಶ್ರಿತ ಗೋಡೆಗಳು, ಸಾಲು ಛತ್ರಿಗಳು, ಅದರ ಮೇಲಿನ ಗುಡ್ಡದಲ್ಲಿ ಜೈಗಢದ ಬುರುಜುಗಳು. ಬಂದವರೆಲ್ಲ ತಲೆಯೆತ್ತಿ ನೋಡುತ್ತಾರೆ. ಆದರೆ ಇಲ್ಲಿ ಮೊದಲು ನೋಡಬೇಕಾದ್ದು ಕೆಳಗಿದೆ: ಕೋಟೆಯ ಕಾಲ ಬುಡದಲ್ಲಿರುವ ಮಾವಟಾ ಕೆರೆ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅದರ ಬಹುಪಾಲು ಜುಲೈಯಿಂದ ಸೆಪ್ಟೆಂಬರ್‌ ಒಳಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ರಾಜನಿರಲಿ, ರಾಣಿವಾಸವಿರಲಿ, ಲಾಯದ ಆನೆ ಕುದುರೆಗಳಿರಲಿ, ಎಲ್ಲರೂ ಕೂಡಿಟ್ಟ ನೀರಿನಲ್ಲೇ ಬದುಕಬೇಕು. ರಜಪೂತರ ಕೋಟೆಗಳೆಂದರೆ ಕತ್ತಿ, ಗುರಾಣಿ, ಮೀಸೆಗಳ ಕಥೆಯನ್ನೇ ಹೇಳುವುದು ರೂಢಿ. ಜೈಪುರದ ಸುತ್ತಲ ಕೋಟೆಗಳು ನನಗೆ ಅರ್ಥವಾದದ್ದು ನೀರು ಹರಿದ ದಾರಿ ಹಿಡಿದು ನಡೆದಾಗ.

ಆಮೇರ್ ಮೊದಲು ಮೀಣಾ ಜನರ ನೆಲೆ. ಅವರಿಂದ ಅದು ಕಛವಾಹ ರಜಪೂತರ ಕೈಸೇರಿತು. ಇಂದು ಕಾಣುವ ಅರಮನೆಯ ಕೆಲಸ ಆರಂಭಿಸಿದವನು ಅಕ್ಬರನ ಸೇನಾಪತಿಯಾಗಿದ್ದ ರಾಜಾ ಮಾನಸಿಂಗ್, 1592ರ ಸುಮಾರಿಗೆ. ಅದನ್ನು ಬೆಳೆಸಿ ಬೆಡಗು ಕೊಟ್ಟವನು ಮಿರ್ಜಾ ರಾಜಾ ಜಯಸಿಂಗ್. ರಾಜಸ್ಥಾನದ ಇನ್ನೂ ಐದು ಗಿರಿದುರ್ಗಗಳ ಜೊತೆ 2013ರಲ್ಲಿ ಆಮೇರ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಮೇಲೆ ಹೋಗಲು ಆನೆ ಸವಾರಿಯುಂಟು. ಬಿಸಿಲಿಗೆ ಕಾದ ಕಲ್ಲುಹಾಸಿನ ಏರಿನಲ್ಲಿ ಆ ಪ್ರಾಣಿಗಳು ಜನರನ್ನು ಹೊತ್ತು ಹತ್ತುವುದನ್ನು ನೋಡಿದರೆ ಸಂಕಟವಾಗುತ್ತದೆ. ದಯವಿಟ್ಟು ನಡೆದೇ ಹತ್ತಿ. ನಡೆದವರಿಗೆ ಇನ್ನೊಂದು ಲಾಭವೂ ಇದೆ: ಕೆರೆಯ ಕಡೆಯ ಇಳಿಜಾರಿನಲ್ಲಿ ಹಂತ ಹಂತವಾಗಿ ಕಟ್ಟಿದ ಹಳೆಯ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ನೀರೆತ್ತುವ ರಾಟೆಗಳಿದ್ದ ಜಾಗಗಳವು. ಮಾವಟಾದ ನೀರನ್ನು ಒಂದು ರಾಟೆ ಒಂದು ಹಂತಕ್ಕೆ ಎತ್ತಿ ತೊಟ್ಟಿಗೆ ಸುರಿದರೆ, ಮೇಲಿನ ರಾಟೆ ಅಲ್ಲಿಂದ ಮುಂದಿನ ಹಂತಕ್ಕೆ ಎತ್ತುತ್ತಿತ್ತು. ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡ ದಾಟಿಸಿದಂತೆ ನೀರು ಗುಡ್ಡವೇರಿ ಅರಮನೆ ಮುಟ್ಟುತ್ತಿತ್ತು. ಒಳಗಿನ ಕನ್ನಡಿ ಮಹಲಿಗಿಂತ ದೊಡ್ಡ ಸೋಜಿಗ ಇದು. ಇಲ್ಲಿ ನಿಲ್ಲುವವರು ಮಾತ್ರ ಕಡಿಮೆ.

ಬಣ್ಣಬಣ್ಣದ ಹೆಬ್ಬಾಗಿಲು ಗಣೇಶ್ ಪೋಲ್ ದಾಟಿದರೆ ಒಳಗೆ ಚಿಕ್ಕ ಉದ್ಯಾನ. ಒಂದು ಬದಿಗೆ ಶೀಶ್ ಮಹಲ್. ಕನ್ನಡಿ ಚೂರುಗಳನ್ನು ಗಾರೆಯಲ್ಲಿ ಕೂರಿಸಿದ ಅದರ ಗೋಡೆ, ಚಾವಣಿಗಳ ಮುಂದೆ ಮೊಬೈಲು ಹಿಡಿದವರ ಜಾತ್ರೆ. ಅದರ ಎದುರಿಗೇ ಇರುವುದು ಸುಖ್ ನಿವಾಸ್. ಹಿಂಬದಿಯ ಗೋಡೆಯಲ್ಲಿ ಇಳಿಜಾರಾಗಿ ಕೂರಿಸಿದ ಅಮೃತಶಿಲೆಯ ಹಾಸು, ಅದರ ಮೇಲೆ ನೀರು ತೆಳ್ಳಗೆ ಜಾರಿ ನೆಲದ ಕಾಲುವೆಗೆ ಬೀಳಬೇಕು. ಗೋಡೆಯ ಕಂಡಿಗಳಿಂದ ಬಂದ ಗಾಳಿ ಆ ನೀರನ್ನು ಸವರಿ ತಂಪಾಗಿ ಕೋಣೆ ತುಂಬಬೇಕು. ಕೊನೆಗೆ ನೀರು ವ್ಯರ್ಥವಾಗದೆ ಎದುರಿನ ತೋಟಕ್ಕೆ ಹರಿಯಬೇಕು. ರಾಟೆಗಳಿಂದ ಅಷ್ಟು ಕಷ್ಟಪಟ್ಟು ಮೇಲೆ ತಂದ ನೀರಿಗೆ ಇಲ್ಲಿ ಎರಡೆರಡು ಕೆಲಸ.

ಇದನ್ನು ಕಟ್ಟಿಸಿದ ಮಿರ್ಜಾ ರಾಜಾ ಜಯಸಿಂಗ್ ನಮ್ಮ ನಾಡಿನ ಚರಿತ್ರೆಯಲ್ಲೂ ಬರುತ್ತಾನೆ. 1665ರಲ್ಲಿ ಶಿವಾಜಿಯೊಂದಿಗೆ ಪುರಂದರದ ಒಪ್ಪಂದ ಮಾಡಿಕೊಂಡು, ಅದೇ ವರ್ಷದ ಕೊನೆಗೆ ಔರಂಗಜೇಬನ ಪರವಾಗಿ ವಿಜಯಪುರದ ಆದಿಲ್‌ಶಾಹಿಯ ಮೇಲೆ ದಂಡೆತ್ತಿ ಬಂದವನು ಇವನೇ. ಎರಡನೇ ಅಲಿ ಆದಿಲ್‌ಶಾಹನ ಕಡೆಯವರು ಊರ ಸುತ್ತಲಿನ ಕೆರೆಗಳನ್ನು ಒಡೆದು ಬರಿದು ಮಾಡಿದರು, ಬಾವಿಗಳನ್ನು ಮುಚ್ಚಿದರು, ಮೇವು ಸಿಗದಂತೆ ಮಾಡಿದರು. ಗೋಳಗುಮ್ಮಟದ ಊರಿಗೆ ಅಷ್ಟು ಹತ್ತಿರ ಬಂದ ಮೊಘಲ್ ಸೇನೆ ನೀರಿಲ್ಲದೆ, ಮುತ್ತಿಗೆಗೆ ಬೇಕಾದ ದೊಡ್ಡ ತೋಪುಗಳೂ ಇಲ್ಲದೆ, 1666ರ ಜನವರಿಯಲ್ಲಿ ಹಿಂದಕ್ಕೆ ತಿರುಗಿತು. ಬಾದಶಹನ ಅವಕೃಪೆಗೆ ಗುರಿಯಾದ ಜಯಸಿಂಗ್ 1667ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡ, ಆಮೇರ್‌ಗೆ ಮರಳಲಿಲ್ಲ. ಸುಖ್ ನಿವಾಸದ ಕಾಲುವೆಯ ಪಕ್ಕದಲ್ಲಿ ನಿಂತಾಗ ವಿಜಯಪುರದ ಆ ಒಡೆದ ಕೆರೆಗಳು ನನ್ನ ತಲೆಯಿಂದ ಹೋಗಲಿಲ್ಲ. ನೀರಿನ ಬೆಲೆ ಇವನಷ್ಟು ಬಲ್ಲವರು ಆ ದಂಡಿನಲ್ಲಿ ಇನ್ನಾರಿದ್ದಾರು?

ಕೋಟೆಯ ಹಿಂದಿನ ಹಳೆಯ ಊರಿನಲ್ಲಿ ಪನ್ನಾ ಮೀನಾ ಕುಂಡವಿದೆ. ಮೇಲಿಂದ ಕೆಳಗಿನವರೆಗೆ ಕತ್ತರಿ ಹಾಕಿದಂತೆ ಇಳಿಯುವ ಮೆಟ್ಟಿಲುಗಳು. ವಿಜಯಪುರದ ತಾಜ್ ಬಾವಡಿಯನ್ನೋ ಹಂಪಿಯ ಮೆಟ್ಟಿಲ ಪುಷ್ಕರಣಿಯನ್ನೋ ನೋಡಿದವರಿಗೆ ಇದು ಅಪರಿಚಿತವೆನಿಸದು. ಈಗ ಕೆಳಗಿಳಿಯಲು ಬಿಡುವುದಿಲ್ಲ, ದಂಡೆಯಿಂದಲೇ ನೋಡಬೇಕು.

ಆಮೇರ್ ಮೇಲಿನ ಗುಡ್ಡ ಚೀಲ್ ಕಾ ಟೀಲಾ, ಅದರ ನೆತ್ತಿಯಲ್ಲಿ 1726ರಲ್ಲಿ ಅದೇ ವಂಶದ ಸವಾಯಿ ಜಯಸಿಂಗ್ ಕಟ್ಟಿಸಿದ ಜೈಗಢ. ಆಮೇರ್‌ನಿಂದ ಇಲ್ಲಿಗೆ ಸುರಂಗದ ದಾರಿಯೂ ಇದೆ. ಎಲ್ಲರೂ ಮೊದಲು ಓಡುವುದು ಜೈವಾಣ ತೋಪಿನ ಬಳಿಗೆ. ಕೋಟೆಗಿಂತ ಮೊದಲೇ, 1720ರಲ್ಲಿ, ಇಲ್ಲಿಯದೇ ಎರಕದ ಮನೆಯಲ್ಲಿ ತಯಾರಾದ, 50 ಟನ್ ತೂಗುವ ತೋಪು. ಪರೀಕ್ಷೆಗೆಂದು ಹಾರಿಸಿದ್ದು ಬಿಟ್ಟರೆ ಯುದ್ಧದಲ್ಲಿ ಅದು ಎಂದೂ ಸಿಡಿಯಲಿಲ್ಲ. ಈ ಕೋಟೆಯಲ್ಲಿ ಪ್ರತಿ ವರ್ಷ ತಪ್ಪದೆ ದುಡಿದದ್ದು ನೀರಿನ ಏರ್ಪಾಟು. ಸುತ್ತಲ ಗುಡ್ಡಗಳಲ್ಲಿ ಬಿದ್ದ ಮಳೆಯನ್ನು ಸುಮಾರು 4 ಕಿ.ಮೀ. ಉದ್ದದ ಕಾಲುವೆಗಳು ಇಲ್ಲಿಗೆ ತರುತ್ತವೆ. ದಾರಿಯಲ್ಲಿ ಸಣ್ಣ ಹೊಂಡಗಳಲ್ಲಿ ಮಣ್ಣು ಮರಳು ತಳಕ್ಕೆ ಕೂತು, ತಿಳಿಯಾದ ನೀರಷ್ಟೇ ಒಳಗಿನ ತೊಟ್ಟಿಗಳಿಗೆ ಇಳಿಯುತ್ತದೆ. ದೊಡ್ಡ ತೊಟ್ಟಿಯೊಂದರಲ್ಲೇ 60 ಲಕ್ಷ ಗ್ಯಾಲನ್ ಹಿಡಿಯುತ್ತದೆ ಎಂದು ಲೆಕ್ಕ. ಗೋಡೆಯ ಹೊರಗೆ ಶತ್ರು ತಿಂಗಳುಗಟ್ಟಲೆ ಬೀಡುಬಿಟ್ಟರೂ ಒಳಗಿನವರು ಬಾಯಾರುವಂತಿರಲಿಲ್ಲ. ಇದೇ ತೊಟ್ಟಿಗಳ ಅಡಿಯಲ್ಲಿ ರಾಜರ ಗುಪ್ತನಿಧಿ ಇದೆಯೆಂಬ ಮಾತು ಹಬ್ಬಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸರ್ಕಾರವೇ ಇಲ್ಲಿ ಅಗೆಸಿತು. ಏನೂ ಸಿಗಲಿಲ್ಲವೆಂದು ಸರ್ಕಾರ ಹೇಳಿತು. ಮಾರ್ಗದರ್ಶಿಗಳು ಈ ಕಥೆಯನ್ನು ಇಂದಿಗೂ ರಸವತ್ತಾಗಿ ಹೇಳುತ್ತಾರೆ. ಕಾಲುವೆಗಳನ್ನು ನೋಡಬೇಕೆಂದರೆ ನೀವೇ ಕೇಳಬೇಕು. ಕೇಳಿದರೆ ಪ್ರೀತಿಯಿಂದ ತೋರಿಸುತ್ತಾರೆ.

ಅದೇ ಗುಡ್ಡಸಾಲಿನ ಇನ್ನೊಂದು ತುದಿಯಲ್ಲಿರುವ ನಾಹರ್‌ಗಢ (1734) ಜೈಪುರವನ್ನು ಮೇಲಿನಿಂದ ಕಾಯುತ್ತದೆ. ಬಹುಕಾಲದ ಮೇಲೆ ಜೈಪುರದ ರಾಜ ಸವಾಯಿ ಮಾಧೋಸಿಂಗ್ ತನ್ನ ರಾಣಿಯರಿಗಾಗಿ ಕಟ್ಟಿಸಿದ, ಒಂದೇ ಬಗೆಯ ಒಂಬತ್ತು ಬಿಡಾರಗಳ ಮಾಧವೇಂದ್ರ ಭವನ ಇಲ್ಲಿದೆ. ಅದಕ್ಕಿಂತ ನನಗೆ ಹಿಡಿಸಿದ್ದು ಬಾವಡಿ: ಅಳತೆಗೋಲಿನ ಹಂಗಿಲ್ಲದೆ, ಗುಡ್ಡದ ಮೈ ಬಾಗಿದ ಹಾಗೆಯೇ ಬಾಗಿದ ಮೆಟ್ಟಿಲುಗಳು. ಕೆಳಗಿನ ಮಾನ್ ಸಾಗರ ಕೆರೆಯ ನಡುವೆ ಜಲಮಹಲ್. ಅದನ್ನು ದಂಡೆಯಿಂದ ನೋಡಿ ಮುಂದೆ ಹೋಗಬಹುದು.

ಸವಾಯಿ ಜಯಸಿಂಗ್ 1727ರಲ್ಲಿ ಗುಡ್ಡ ಬಿಟ್ಟು ಬಯಲಿಗಿಳಿದು ಜೈಪುರ ಕಟ್ಟಿದ್ದಕ್ಕೂ ಜನ ಹೆಚ್ಚಿದ್ದು, ನೀರು ಸಾಲದಾದದ್ದು ಕಾರಣ. ಬಂಗಾಳಿ ವಿದ್ಯಾಧರ ಭಟ್ಟಾಚಾರ್ಯರ ನೆರವಿನಿಂದ ಗೆರೆ ಹಾಕಿದಂತೆ ನೇರ ಬೀದಿಗಳ ಊರು ಎದ್ದಿತು. ಬೀದಿಗಳು ಕೂಡುವ ಚೌಪಡ್‌ಗಳಲ್ಲಿ ಊರಿನವರು ನೀರು ತುಂಬಿಕೊಳ್ಳುವ ಕುಂಡಗಳಿದ್ದವು. ಮುಚ್ಚಿಹೋಗಿದ್ದ ಅವು ಮೆಟ್ರೊ ಕಾಮಗಾರಿಗೆ ನೆಲ ಅಗೆದಾಗ ಮತ್ತೆ ಹೊರಬಂದವು. ಗುಲಾಬಿ ಬಣ್ಣ ಬಂದದ್ದು ಬಹಳ ಈಚೆಗೆ, 1876ರಲ್ಲಿ ಬ್ರಿಟಿಷ್ ಯುವರಾಜನ ಭೇಟಿಯ ಹೊತ್ತಿಗೆ. 953 ಕಿಟಕಿಗಳ ಹವಾ ಮಹಲ್ (1799), 27 ಮೀಟರ್ ಎತ್ತರದ ನೆರಳು ಗಡಿಯಾರವಿರುವ ಜಂತರ್ ಮಂತರ್ ಎರಡೂ ಜೈಪುರದ ಅರಮನೆಗೆ ನಡೆಯುವಷ್ಟು ಹತ್ತಿರ. ಅರಮನೆಯೊಳಗೆ ಆಳೆತ್ತರದ ಎರಡು ಬೆಳ್ಳಿ ಹಂಡೆಗಳಿವೆ. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೋದ ಮಾಧೋಸಿಂಗ್, ಅಲ್ಲಿಯ ನೀರು ಕುಡಿಯಲೊಲ್ಲದೆ ಇವುಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹಡಗೇರಿದ. ಒಂದೊಂದರ ತೂಕ ಸುಮಾರು 345 ಕೆ.ಜಿ.

ಅದೇ ಮಾಧೋಸಿಂಗ್ ಊರಿನ ಹೊರಗೆ ರಾಮಗಢ ಅಣೆಕಟ್ಟು ಕಟ್ಟಿಸಿದ. ದಶಕಗಳ ಕಾಲ ಜೈಪುರಕ್ಕೆ ಕುಡಿಯುವ ನೀರು ಕೊಟ್ಟ ಕೆರೆ ಅದು. 1982ರ ಏಷ್ಯನ್ ಕ್ರೀಡಾಕೂಟದ ದೋಣಿ ಸ್ಪರ್ಧೆಗಳು ನಡೆದದ್ದು ಅಲ್ಲೇ. ನೀರು ಬರುವ ಹಳ್ಳಗಳಿಗೆ ಅಡ್ಡಲಾಗಿ ಒಡ್ಡುಗಳೆದ್ದು, ಜಾಗ ಒತ್ತುವರಿಯಾಗಿ ಕೆರೆ ಬತ್ತಿತು. ಈಗ ಜೈಪುರದ ನಲ್ಲಿಗಳಿಗೆ ನೀರು ಬರುವುದು ನೂರಕ್ಕೂ ಹೆಚ್ಚು ಕಿ.ಮೀ. ದೂರದ ಬಿಸಲ್‌ಪುರ ಜಲಾಶಯದಿಂದ. ಜೈಗಢದ ಕಾಲುವೆಯ ದಾರಿಗೆ ಅಡ್ಡ ಬರದಂತೆ ನೋಡಿಕೊಂಡಷ್ಟು ಕಾಲವೇ ಅಲ್ಲಿಯ ತೊಟ್ಟಿ ತುಂಬಿದ್ದು. ರಾಮಗಢಕ್ಕೆ ಆ ಕಾವಲು ಸಿಗಲಿಲ್ಲ.

ಪ್ರವಾಸಿ ಕೈಪಿಡಿಗಳು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬನ್ನಿ ಎನ್ನುತ್ತವೆ. ವಯಸ್ಸಾದವರಿಗೆ, ಮಕ್ಕಳೊಂದಿಗೆ ಹೋಗುವವರಿಗೆ ಅದೇ ಸರಿ. ನಡೆಯುವ ಶಕ್ತಿಯಿದ್ದವರು ಆಗಸ್ಟ್‌ನಲ್ಲಿ ಹೋಗಲಿ. ಸೆಕೆ ಇರುತ್ತದೆ, ಮೆಟ್ಟಿಲು ಜಾರುತ್ತವೆ. ಆದರೆ ಅರಾವಳಿ ಹಸಿರಾಗಿರುತ್ತದೆ. ಬೆಳಿಗ್ಗೆಯೇ ಆಮೇರ್ ಹತ್ತಿ, ಮಧ್ಯಾಹ್ನದೊಳಗೆ ಜೈಗಢಕ್ಕೆ ಬನ್ನಿ. ಅಲ್ಲಿಗೆ ಟಿಕೆಟ್ ಬೇರೆ. ತೋಪನ್ನು ಆಮೇಲೆ ನೋಡಿದರಾಯಿತು. ಮೊದಲು ತೊಟ್ಟಿಯ ದಂಡೆಗೆ ಹೋಗಿ, ಕಾಲುವೆ ಯಾವ ಗುಡ್ಡದಿಂದ ಬರುತ್ತದೆಂದು ಕಾವಲುಗಾರರನ್ನು ಕೇಳಿ, ಅವರು ತೋರಿಸಿದ ಕಡೆಗೆ ನಡೆಯಿರಿ.