ಐದು ಚಿಲ್ಲರೆ ಸಾಲ, ಒಂದೇ ಜಪ್ತಿ!

ನಲ್ಲೂರು: ಬಸ್ ಸ್ಟ್ಯಾಂಡಿನ ಚಹದಂಗಡಿ ಮುಂದೆ ಯಾವ ದಿನ ಬೇಕಾದರೂ ಬೆಳಿಗ್ಗೆ ಹೋಗಿ ನಿಂತು ನೋಡಿ. ಚನ್ನಗಿರಿ ಬಸ್ಸಿಗೆ ಕಾಯುವವರು, ಅಂಗಡಿ ಬಾಗಿಲು ತೆಗೆದು ಗಿರಾಕಿಗೆ ಕಾಯುವ ಸಾಹುಕಾರರು, ತೋಟದ ಯಜಮಾನರು, ಎಲ್ಲರ ಬಾಯಲ್ಲೂ ಒಂದೇ ಮಾತು: ಅಡಿಕೆ ರೇಟು. ಕ್ವಿಂಟಾಲಿಗೆ ಐನೂರು ರೂಪಾಯಿ ಇಳಿದರೆ ಸಾಕು, ಮೂರು ತಾಲ್ಲೂಕಿಗೆ ನಿದ್ದೆ ಇಲ್ಲ.

ಅದೇ ಜನರನ್ನು, ‘ಯಜಮಾನ್ರೇ, ನಿಮ್ಮ ಹೊಟ್ಟೆ ಸುತ್ತಳತೆ ಎಷ್ಟು?’ ಅಂತ ಕೇಳಿ. ನಗುತ್ತಾರೆ. ‘ಅದನ್ನ ಟೇಲರ್ ಕೇಳ್ಬೇಕು, ನೀವ್ಯಾಕ್ರೀ ಕೇಳ್ತೀರಿ?’ ಅನ್ನುತ್ತಾರೆ. ಕೆಲವರು ಹೊಟ್ಟೆ ಮೇಲೆ ಕೈಯಾಡಿಸಿ, ‘ಇದು ನೆಮ್ಮದಿ ಹೊಟ್ಟೆ ಕಣ್ರೀ’ ಅಂತ ಹೆಮ್ಮೆಪಡುವುದೂ ಉಂಟು.

ನಗುವ ವಿಷಯ ಅಲ್ಲ ಸ್ವಾಮಿ. ಟೇಲರ್ ಟೇಪು ಹೇಳುವ ಆ ಒಂದು ಅಂಕಿಯಲ್ಲಿ ಸಕ್ಕರೆ ಕಾಯಿಲೆ ಮತ್ತು ಹೃದಯಾಘಾತ ಎರಡರ ಸುಳಿವೂ ಇದೆ.

ಹಾಸನ ಕಲಿಸಿದ ಪಾಠ

2025ರ ಮೇ, ಜೂನ್ ತಿಂಗಳು ನೆನಪಿದೆಯಲ್ಲ? ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಹೋದರು ಎಂಬ ಸುದ್ದಿ ರಾಜ್ಯವನ್ನೇ ನಡುಗಿಸಿತು. ಎಳೆ ವಯಸ್ಸಿನವರೂ ಅದರಲ್ಲಿದ್ದರು. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಕೊರೊನಾ ಲಸಿಕೆಯಿಂದಲೇ ಹೀಗಾಯಿತು ಎಂಬ ಮಾತು ಬಸ್ಸು ಬಸ್ಸಲ್ಲೂ ಓಡಾಡಿತು.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಲಸಿಕೆ ಕಾರಣ ಎನ್ನಲು ಆಧಾರ ಸಿಗಲಿಲ್ಲ. ಸಿಕ್ಕಿದ್ದು ಹಳೇ ಪರಿಚಯಸ್ಥರೇ: ಸಕ್ಕರೆ ಕಾಯಿಲೆ, ಬಿ.ಪಿ., ಕೊಬ್ಬು, ಬೊಜ್ಜು, ಬೀಡಿ ಸಿಗರೇಟು, ಕುಡಿತ. ಹೊಸ ಭೂತ ಯಾವುದೂ ಬಂದಿರಲಿಲ್ಲ.

ಕೂಡಿಸಿ ನೋಡಿ

ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನೇ ಗಿರಾಕಿ ಐದು ಸಲ ಬಂದು ಚಿಲ್ಲರೆ ಸಾಲ ಹೇಳುತ್ತಾನೆ. ಒಂದೊಂದೂ ಸಣ್ಣದು. ಕೂಡಿಸಿದ ದಿನ ಎದೆ ಧಸಕ್ಕೆನ್ನುತ್ತದೆ. ಶರೀರದ ಖಾತೆಯೂ ಹಾಗೆಯೇ. ಅದರಲ್ಲಿ ಐದು ಕಲಂ ಇವೆ:

ಒಂದು, ಹೊಟ್ಟೆ ಸುತ್ತಳತೆ. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಇಂಚು. ಹೆಂಗಸರಿಗೆ 80 ಸೆಂಟಿಮೀಟರ್, ಸುಮಾರು ಮೂವತ್ತೊಂದೂವರೆ ಇಂಚು. ಅಷ್ಟು ಮುಟ್ಟಿದರೆ ಒಂದು ಗುರುತು ಹಾಕಿ.

ಎರಡು, ರಕ್ತದ ಒತ್ತಡ 130/85 ಅಥವಾ ಮೇಲೆ. ಮೂರು, ಬರಿಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ. ನಾಲ್ಕು, ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಅಥವಾ ಮೇಲೆ. ಐದು, ಎಚ್.ಡಿ.ಎಲ್. ಎಂಬ ಒಳ್ಳೆಯ ಕೊಲೆಸ್ಟ್ರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ.

ಐದರಲ್ಲಿ ಯಾವುದಾದರೂ ಮೂರು ಸೇರಿದರೆ ಡಾಕ್ಟರುಗಳು ಅದಕ್ಕೆ ‘ಮೆಟಬಾಲಿಕ್ ಸಿಂಡ್ರೋಮ್’ ಅನ್ನುತ್ತಾರೆ. ನಮ್ಮ ಮಾತಲ್ಲಿ ಕಾಯಿಲೆಗಳ ಕೂಟ. ಹೀಗೆ ಕೂಟ ಕಟ್ಟಿದವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಬೇರೆಯವರಿಗಿಂತ ಸುಮಾರು ಐದು ಪಟ್ಟು, ಹೃದ್ರೋಗದ ಸಂಭವ ಸುಮಾರು ಎರಡು ಪಟ್ಟು.

ತಮಾಷೆ ಏನು ಗೊತ್ತೆ? ಬಿಡಿಬಿಡಿಯಾಗಿ ಕೇಳಿದರೆ ಎಲ್ಲದಕ್ಕೂ ನೆಪ ರೆಡಿ. ಬಿ.ಪಿ. 136 ಇದೆ ಅಂದರೆ, ‘ಬಸ್ಸಿಗೆ ಓಡಿ ಬಂದೆ ಅದಕ್ಕೆ.’ ಸಕ್ಕರೆ 112 ಅಂದರೆ, ‘ಬಾರ್ಡರು ಅಷ್ಟೇ, ಕಾಯಿಲೆ ಅಲ್ಲ.’ ಹೊಟ್ಟೆ ಮುಂದೆ ಬಂದಿದೆ ಅಂದರೆ, ‘ನಮ್ಮಪ್ಪಂಗೂ ಹಿಂಗೇ ಇತ್ತು.’ ಮೂರೂ ಒಂದೇ ಮನುಷ್ಯನ ಖಾತೆಯಲ್ಲಿವೆ ಎಂದು ಕೂಡಿಸಿ ನೋಡುವವರು ಯಾರು?

ಈ ಕೂಡಿಸುವ ಲೆಕ್ಕವನ್ನು ಜಗತ್ತಿಗೆ ಗಟ್ಟಿಯಾಗಿ ಹೇಳಿದವರು ಅಮೆರಿಕದ ಡಾ. ಜೆರಾಲ್ಡ್ ರೀವನ್, 1988ರಲ್ಲಿ. ಇವೆಲ್ಲಾ ಬೇರೆ ಬೇರೆ ಕಾಯಿಲೆಯಲ್ಲ, ಬೇರಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ ಎಂದರು. ಆಗ ಇಟ್ಟ ಹೆಸರು ‘ಸಿಂಡ್ರೋಮ್ ಎಕ್ಸ್’.

ಗೋಡೌನು ಭರ್ತಿ!

ಬೇರಿನಲ್ಲಿ ಏನಾಗುತ್ತದೆ? ಮಂಡಿಯ ಲೆಕ್ಕದಲ್ಲೇ ಹೇಳೋಣ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದು ಲಾರಿಯಲ್ಲಿ ಬಂದ ಮಾಲು. ಇನ್ಸುಲಿನ್ ಎಂಬ ಹಮಾಲಿ ಅದನ್ನು ಹೊತ್ತು ಗೋಡೌನಿಗೆ, ಅಂದರೆ ಸ್ನಾಯುಗಳಿಗೂ ಪಿತ್ತಜನಕಾಂಗಕ್ಕೂ ಸೇರಿಸುತ್ತಾನೆ. ದುಡಿಯುವ ಮೈಯಲ್ಲಿ ಹಳೇ ಮಾಲು ಖರ್ಚಾಗುತ್ತದೆ, ಹೊಸದಕ್ಕೆ ಜಾಗ ಇರುತ್ತದೆ.

ಕೂತೇ ಇರುವವನ ಗೋಡೌನು ಖಾಲಿಯಾಗುವುದೇ ಇಲ್ಲ. ಉಳಿದದ್ದು ಕೊಬ್ಬಾಗಿ ಹೊಟ್ಟೆಯೊಳಗೆ, ಕರುಳು ಈಲಿಯ ಸುತ್ತ ತುಂಬಿಕೊಳ್ಳುತ್ತದೆ. ಬಾಗಿಲು ಸಲೀಸಾಗಿ ತೆರೆಯುವುದಿಲ್ಲ. ಒಬ್ಬ ಹಮಾಲಿ ಮಾಡುವ ಕೆಲಸಕ್ಕೆ ನಾಲ್ವರು ಬೇಕಾಗುತ್ತಾರೆ. ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಹೆಚ್ಚು ಹೆಚ್ಚು ಇನ್ಸುಲಿನ್ ಕಳಿಸಿ ಕಳಿಸಿ ಸುಸ್ತಾಗುತ್ತದೆ. ಆಗ ಮಾಲು ರಸ್ತೆಯಲ್ಲೇ ಉಳಿಯಿತು. ಅದೇ ಸಕ್ಕರೆ ಕಾಯಿಲೆ. ಇತ್ತ ಈಲಿ ಹೆಚ್ಚಿನ ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ, ಒತ್ತಡ ಏರುತ್ತದೆ, ಹೃದಯದ ರಕ್ತನಾಳದ ಗೋಡೆ ಕೆಡುತ್ತದೆ. ಇದಿಷ್ಟೂ ನಡೆಯುವಾಗ ನೋವಿಲ್ಲ, ಜ್ವರವಿಲ್ಲ.

ಸಣಕಲರೂ ಬಚಾವಿಲ್ಲ

‘ನಾನು ಸಣ್ಣಗೇ ಇದೀನಲ್ಲ’ ಅನ್ನುವವರು ಸ್ವಲ್ಪ ಇತ್ತ ಕೇಳಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ ಒಟ್ಟಿಗೆ ನಿಂತ ಚಿತ್ರವೊಂದು 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದ್ದೂ ಒಂದೇ, 22.3. ಮೈಯ ಕೊಬ್ಬು ಅಳೆದರೆ ಇಂಗ್ಲಿಷಿನವರದ್ದು ನೂರಕ್ಕೆ 9.1, ನಮ್ಮವರದ್ದು 21.2! ಹೊರಗೆ ಸಣಕಲು, ಒಳಗೆ ಕೊಬ್ಬು. ಅದಕ್ಕೇ ನಮ್ಮವರಿಗೆ ತಕ್ಕಡಿಗಿಂತ ಟೇಪು ಹೆಚ್ಚು ಸತ್ಯ ಹೇಳುತ್ತದೆ.

ನಮ್ಮ ಮೈಸೂರೇ ಇನ್ನೊಂದು ಸಾಕ್ಷಿ ಒದಗಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದು ಜೋಪಾನ ಮಾಡಿದ್ದರು. ಆ ಪುಸ್ತಕ ಹಿಡಿದು ಸಂಶೋಧಕರು, ಅಲ್ಲಿ ಹುಟ್ಟಿ ದೊಡ್ಡವರಾದ 517 ಮಂದಿಯ ಹೃದಯ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಹೃದ್ರೋಗ ನೂರಕ್ಕೆ 11; ಮೂರು ಕಿಲೋ ದಾಟಿ ದಪ್ಪಗೆ ಹುಟ್ಟಿದವರಲ್ಲಿ ನೂರಕ್ಕೆ 3. ಅಂದರೆ ಬಸುರಿ ತಾಯಿಯ ಹೊಟ್ಟೆಗೆ ಬೀಳದ ಅನ್ನದ ಲೆಕ್ಕ ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ಎದ್ದಿತು.

ಇದನ್ನು ನಮ್ಮ ಸೀಮೆಗೆ ಹಚ್ಚಿ ನೋಡಿ. ಅಜ್ಜ ಅಜ್ಜಿ ಬರಗಾಲ ಕಂಡವರು, ಜೋಳ ರಾಗಿ ತಿಂದು ನಡೆದೇ ಸಂತೆಗೆ ಹೋದವರು. ಆಮೇಲೆ ಭದ್ರಾ ನಾಲೆ ಬಂತು, ಬೋರ್‌ವೆಲ್ ಬಂತು, ಅಡಿಕೆ ದುಡ್ಡು ಬಂತು. ಮೂರು ಹೊತ್ತೂ ಬೆಳ್ಳಗಿನ ಅನ್ನ, ಸಂಜೆ ಮಂಡಕ್ಕಿ ಮಿರ್ಚಿ, ಪಕ್ಕದ ಬೀದಿಗೂ ಬೈಕು. ದುಡ್ಡು ಬಂದದ್ದು ತಪ್ಪಲ್ಲ. ಬರಕ್ಕೆ ಹೊಂದಿಕೊಂಡ ಮೈಗೆ ಒಂದೇ ತಲೆಮಾರಿನಲ್ಲಿ ಸುಗ್ಗಿ ತುಂಬಿದೆವು.

ದೇಶದ ಲೆಕ್ಕವೂ ಹೀಗೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1 ಲಕ್ಷ 13 ಸಾವಿರ ಜನರನ್ನು ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯವರು 10 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಮೇಲೆ. ಹೊಟ್ಟೆ ಬೊಜ್ಜು ನೂರಕ್ಕೆ ಸುಮಾರು 40 ಜನಕ್ಕೆ.

ಇನ್ನೊಂದು ಮಾತು ಈ ಸೀಮೆಗೆ ಕಹಿ, ಆದರೂ ಹೇಳಲೇಬೇಕು. ತೈವಾನ್ ದೇಶದಲ್ಲಿ ಅಡಿಕೆ ಅಗಿಯುವವರನ್ನು ಪರೀಕ್ಷಿಸಿದಾಗ ಅವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿದೆ. ಬಾಯಿ ಕ್ಯಾನ್ಸರಿನ ಭಯವಂತೂ ಹಳೆಯದೇ. ಬೆಳೆದು ಮಾರುವವರು ಮಾರಲಿ. ದಿನಗಟ್ಟಲೆ ದವಡೆಯಲ್ಲಿ ಇಟ್ಟುಕೊಂಡಿರುವವರು ಯೋಚನೆ ಮಾಡಲಿ.

ಗ್ಯಾಸ್ ಅಲ್ಲ, ಅಣ್ಣಾರೇ!

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಸಕ್ಕರೆ ಕಾಯಿಲೆ ಹಳೆಯದಾದರೆ ನರಗಳು ಮಂಕಾಗುತ್ತವೆ. ಅಂಥವರಿಗೆ ಹೃದಯಾಘಾತ ಆದರೂ ಸಿನಿಮಾದಲ್ಲಿ ತೋರಿಸಿದ ಹಾಗೆ ಎದೆ ಹಿಡಿದುಕೊಳ್ಳುವ ನೋವು ಬರದೇ ಇರಬಹುದು. ಏದುಸಿರು, ತಣ್ಣನೆ ಬೆವರು, ಹೊಟ್ಟೆ ತೊಳಸು, ದವಡೆ ತೋಳಿನ ಸೆಳೆತ, ವಿಪರೀತ ಸುಸ್ತು, ಇಷ್ಟೇ. ‘ಗ್ಯಾಸ್ ಆಗಿದೆ’ ಅಂತ ಸೋಡಾ ಕುಡಿದು ಅಂಗಡಿಯ ಬೆಂಚಿನ ಮೇಲೆ ಮಲಗುತ್ತಾರೆ. ಬದುಕಿಸಬಹುದಾದ ಹೊತ್ತು ಅಲ್ಲೇ ಕಳೆದುಹೋಗುತ್ತದೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ತೀರಿಕೊಂಡ ಮೇಲೆ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಇದು ಸೇರಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಬಿಟ್ಟಿ ಕೊಡುತ್ತಾರೆ. ಆದರೆ ಅದು ಬೇಗ ಹೋದವರಿಗೆ. ಸೋಡಾ ಕುಡಿದು ಮಲಗಿದವರಿಗಲ್ಲ. ಅನುಮಾನ ಬಂದ ಕೂಡಲೇ 108ಕ್ಕೆ ಫೋನ್ ಮಾಡಿ.

‘ಅಷ್ಟು ವ್ಯಾಯಾಮ ಮಾಡೋ ಅಪ್ಪುನೇ ಹೋದ, ನಾವು ನಡೆದು ಏನು ಮಾಡೋದು?’ ಎಂಬ ಮಾತೂ ಚಹದಂಗಡಿಯಲ್ಲಿ ಕೇಳಿಬರುತ್ತದೆ. ಒಳ್ಳೇ ಸಾಹುಕಾರನೊಬ್ಬನ ಅಂಗಡಿಗೆ ಬೆಂಕಿ ಬಿತ್ತು ಅಂತ ಯಾರಾದರೂ ಲೆಕ್ಕ ಬರೆಯುವುದನ್ನೇ ಬಿಡುತ್ತಾರಾ?

ಏನು ಮಾಡಬೇಕು?

ಚೆನ್ನೈನಲ್ಲಿ ಡಾ. ರಾಮಚಂದ್ರನ್ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ನೋಡಿತು. ಫಲಿತಾಂಶ 2006ರಲ್ಲಿ ಬಂತು. ಊಟ ಹದಮಾಡಿ ದಿನಕ್ಕೆ ಅರ್ಧ ಗಂಟೆ ನಡೆದವರಲ್ಲಿ ಕಾಯಿಲೆಯ ಸಂಭವ ನೂರಕ್ಕೆ 28ರಷ್ಟು ತಗ್ಗಿತು. ಮಾತ್ರೆಯ ಗುಣಕ್ಕೆ ಇದು ಕಡಿಮೆಯೇನಿರಲಿಲ್ಲ.

ಅಂಗಡಿಯವರು ದಿನದ ಚಹ ಎಣಿಸಿ. ಆರು ಚಹ, ಎರಡೆರಡು ಚಮಚ ಸಕ್ಕರೆ ಅಂದರೆ ಹನ್ನೆರಡು ಚಮಚ, ಸುಮಾರು 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿ ಹೆಚ್ಚುಕಡಿಮೆ ಅಷ್ಟೇ. ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಮಿಠಾಯಿ, ಬಿಸ್ಕತ್ತು ಈ ಲೆಕ್ಕದಲ್ಲಿ ಸೇರಿಲ್ಲ. ಗಲ್ಲಾಪೆಟ್ಟಿಗೆ ಬಿಟ್ಟು ಗಂಟೆಗೊಮ್ಮೆ ಎದ್ದು ಓಡಾಡಿ. ಬಸ್ಸಿನವರು ಒಂದು ಸ್ಟಾಪು ಮುಂಚೆ ಇಳಿದು ನಡೆಯಿರಿ. ಅನ್ನ ಒಂದು ಹಿಡಿ ತೆಗೆದು ಕಾಳು, ಸೊಪ್ಪು, ಮುದ್ದೆ ಸೇರಿಸಿ. ಮನೆಯಲ್ಲಿ ಬಸುರಿ ಇದ್ದರೆ ಅವಳ ತಟ್ಟೆ ಮೊದಲು ತುಂಬಿಸಿ.

ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಬಿಟ್ಟಿ. ಕೊಬ್ಬಿನ ಪರೀಕ್ಷೆ ಎಲ್ಲಿ ಆಗುತ್ತದೆ ಅಂತ ಅಲ್ಲೇ ಕೇಳಿ. ಟೇಪಂತೂ ಎದುರು ಅಂಗಡಿ ಟೇಲರ್ ಹತ್ತಿರವೇ ಇದೆ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆಯದೆ ಅಳೆಸಿ. ಪ್ಯಾಂಟಿನ ನಂಬರು ನಂಬಬೇಡಿ. ಹೊಟ್ಟೆ ಬೆಳೆದಂತೆ ಪ್ಯಾಂಟು ಕೆಳಗೆ ಜಾರುತ್ತದೆ, ನಂಬರು ಅಷ್ಟೇ ಇರುತ್ತದೆ!

ಐದೂ ಅಂಕಿ ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಮುಂದೆ ಇಟ್ಟು, ‘ಇದನ್ನ ಕೂಡಿಸಿ ಹೇಳಿ ಸಾರ್’ ಅನ್ನಿ. ಊರಿನವರ ಸಾಲ ಎಲ್ಲಾ ಬರೆದಿಟ್ಟುಕೊಳ್ಳುವ ನೀವು, ನಿಮ್ಮದೊಂದು ಪುಟ ಖಾಲಿ ಬಿಟ್ಟಿದ್ದೀರಿ.